ಗುಡ್ಡೆ ಉಳಿಸಿದವನಿಗೆ ಏನು ಸಿಗುತ್ತದೆ? ಕಾಸರಗೋಡು ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಜೂನ್ 5, ಪರಿಸರ ದಿನ ಬರುತ್ತಿದೆ. ಪಂಚಾಯತಿಗೆ ಗಿಡಗಳ ಲಾರಿ ಬರುವ ಹೊತ್ತು. ಶಾಲೆಯ ಅಂಗಳದಲ್ಲಿ ಪೆಂಡಾಲ್ ಹಾಕುತ್ತಾರೆ. ಒಬ್ಬರು ಉದ್ಘಾಟನೆ ಮಾಡುತ್ತಾರೆ, ಐದಾರು ಮಂದಿ ಶುಭ ಹಾರೈಸುತ್ತಾರೆ, ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಕೊನೆಗೆ ಎಲ್ಲರ ಕೈಗೂ ಒಂದೊಂದು ಗಿಡ, ಪ್ಲಾಸ್ಟಿಕ್ ತೊಟ್ಟೆ ಸಮೇತ. ಕಾರ್ಯಕ್ರಮದ ಹೆಸರಲ್ಲಿ ‘ಜಾಗೃತಿ’ ಎಂಬುದೊಂದು ಇದ್ದೇ ಇರುತ್ತದೆ.

ನಾನು ಎಣ್ಮಕಜೆ ಪಂಚಾಯತಿನ ಒಬ್ಬ ಅಡಿಕೆ ಕೃಷಿಕ. ಗಿಡದ ಬಗ್ಗೆ ನನ್ನ ತಕರಾರೇನೂ ಇಲ್ಲ. ಜಾಗೃತಿಯ ಬಗ್ಗೆ ಇದೆ. ನಾವು ತಿಳಿಯದೆ ಪ್ರಕೃತಿಯನ್ನು ಹಾಳು ಮಾಡುತ್ತಿದ್ದೇವೆ, ತಿಳಿಸಿ ಹೇಳಿದರೆ ನಿಲ್ಲಿಸುತ್ತೇವೆ ಎಂಬ ನಂಬಿಕೆ ಈ ಕಾರ್ಯಕ್ರಮಗಳ ಹಿಂದಿದೆ. ಸಾರ್, ಅಥವಾ ಮೇಡಂ (ನಮ್ಮ ಜಿಲ್ಲೆಗೆ ಬಂದ ಅಧಿಕಾರಿಗಳು ಊರಿನ ದಾರಿ ಕಲಿಯುವಷ್ಟರಲ್ಲಿ ವರ್ಗವಾಗಿ ಹೋಗುತ್ತಾರೆ, ಹಾಗಾಗಿ ಎರಡನ್ನೂ ಬರೆದಿಟ್ಟಿದ್ದೇನೆ), ನಮ್ಮಲ್ಲಿ ಗೊತ್ತಿಲ್ಲದವರು ಯಾರೂ ಇಲ್ಲ. ಗುಡ್ಡೆ ಕಡಿಸುವವನಿಗೂ ಗೊತ್ತು, ಜೆಸಿಬಿ ಓಡಿಸುವ ಹುಡುಗನಿಗೂ ಗೊತ್ತು. ಗೊತ್ತಿದ್ದೂ ಮಾಡುತ್ತಾರೆ. ಮಾಡದೆ ಕೂತವನಿಗೆ ಈಗಿನ ಬದುಕಿನಲ್ಲಿ ನಷ್ಟ ಖಂಡಿತ, ಅದಕ್ಕೆ. ಆ ನಷ್ಟದ ಲೆಕ್ಕವನ್ನು ನಿಮ್ಮ ಮುಂದಿಡಲು ಈ ಪತ್ರ.

ನಮ್ಮ ಪಂಚಾಯತಿನ ಹೆಸರು ನಿಮ್ಮ ಕಡತಗಳಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದ ಜೊತೆಗೇ ಬರುತ್ತದೆ. ಪಡ್ರೆ, ವಾಣೀನಗರ, ಸ್ವರ್ಗ. ಹೌದು, ಊರಿನ ಹೆಸರೇ ಸ್ವರ್ಗ. ಇಲ್ಲಿಗೆ ಬಂದ ಪತ್ರಕರ್ತರೆಲ್ಲ ಆ ಹೆಸರಿನ ಮೇಲೆ ಒಂದು ವಾಕ್ಯ ಬರೆದೇ ಹೋಗಿದ್ದಾರೆ, ನಾನು ಬರೆಯುವುದಿಲ್ಲ.

ಆ ಕಥೆ ನಿಮಗೆ ಗೊತ್ತಿದೆ. ಆದರೂ ಅದರಲ್ಲಿ ಒಂದು ವಿಷಯ ಸರಿಯಾಗಿ ಯಾರೂ ಹೇಳಿಲ್ಲ ಅಂತ ನನಗೆ ಅನ್ನಿಸುತ್ತದೆ. 1970ರ ದಶಕದಿಂದ 2000ನೇ ಇಸವಿಯವರೆಗೆ ಗುಡ್ಡೆಗಳ ನೆತ್ತಿಯ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಮದ್ದು ಬಿಟ್ಟರು. ತೋಟ ಸರಕಾರಿ ನಿಗಮದ್ದು. ಗೇರಿನ ಚಿಗುರು, ಹೂ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಆ ಮದ್ದು. ತೋಟ ಮೇಲೆ, ಮನೆ, ತೋಡು (ಹಳ್ಳ), ಕೆರೆ, ಅಡಿಕೆ ಎಲ್ಲ ಕೆಳಗೆ. ಮೇಲೆ ಬಿಟ್ಟದ್ದು ಗಾಳಿಗೂ ಬಂತು, ಮಳೆಗೆ ತೊಳೆದುಕೊಂಡೂ ಬಂತು. ಮದ್ದು ಬಿಡುವ ದಿನ ನೀರು ಮುಚ್ಚಿಡಬೇಕು ಎಂಬ ಸೂಚನೆ ಇತ್ತು. ಬಾವಿಯ ಮೇಲೆ ನಾಲ್ಕು ಮಡಲು ಹರಡಬಹುದು. ತೋಡಿಗೆ ಏನು ಹೊದೆಸುವುದು? ದನಕ್ಕೆ, ಜೇನಿಗೆ, ತೋಡಿನ ಮೀನಿಗೆ ಯಾರು ನೋಟೀಸು ಕೊಡುವುದು?

ಈಗ ಆ ಸಾಲಿನಲ್ಲಿ ನಿಂತವರನ್ನು ಒಬ್ಬೊಬ್ಬರಾಗಿ ನೋಡಿ. ಮದ್ದು ಶಿಫಾರಸು ಮಾಡಿದವರಿಗೆ ಇಳುವರಿ ಹೆಚ್ಚಿಸುವ ಕೆಲಸ. ನಿಗಮಕ್ಕೆ ವರ್ಷದ ಕೊನೆಗೆ ಲಾಭ ತೋರಿಸಬೇಕು. ಪೈಲಟ್ಟಿಗೆ ಕೈಯಲ್ಲೊಂದು ನಕ್ಷೆ. ಕೆಳಗೆ ಮದ್ದು ಕಲಸಿ ಕೊಟ್ಟವರು ನಮ್ಮ ಊರಿನವರೇ, ಅವರಿಗೆ ಆ ದಿನದ ಕೂಲಿ. ಗೇರುಬೀಜ ತಿಂದವರಿಗೆ ಇದು ಯಾವುದೂ ಗೊತ್ತಿಲ್ಲ. ಎಲ್ಲರ ಹತ್ತಿರವೂ ಸಹಿ, ಸೀಲು ಬಿದ್ದ ಕಾಗದ ಇತ್ತು. ಕಾಗದ ಇಲ್ಲದೆ ಇದ್ದದ್ದು ಗುಡ್ಡೆಯ ಬುಡದಲ್ಲಿ ಇದ್ದವರ ಹತ್ತಿರ ಮಾತ್ರ. ಆದರೆ ಸಾಬೀತು ಮಾಡುವ ಹೊಣೆ ಬಿದ್ದದ್ದು ಅವರ ಮೇಲೆಯೇ! ಕರುಗಳು ಕಾಲು ಸೊಟ್ಟಗಾಗಿ ಹುಟ್ಟುವುದನ್ನು ಕೃಷಿ ಪತ್ರಕರ್ತ ಶ್ರೀಪಡ್ರೆಯವರು 1979ರಲ್ಲೇ ಬರೆದರು. ವಾಣೀನಗರದ ಡಾ. ಮೋಹನ ಕುಮಾರರು ತಮ್ಮ ರೋಗಿಗಳಲ್ಲಿ ಕಂಡದ್ದನ್ನು ವರ್ಷಗಟ್ಟಲೆ ಹೇಳುತ್ತಾ ಬಂದರು. ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿನ ಮೆಟ್ಟಿಲು ಹತ್ತಿದರು. ಇಷ್ಟಾದರೂ ದೇಶಾದ್ಯಂತ ತಡೆ ಬರಲು 2011ರ ಮೇ 13ರ ಸುಪ್ರೀಂ ಕೋರ್ಟ್ ಆದೇಶವೇ ಬೇಕಾಯಿತು. 2017ರ ಜನವರಿಯಲ್ಲಿ, ಬಾಧಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಅದೇ ಕೋರ್ಟ್ ಹೇಳಿತು. 2022ರಲ್ಲಿ, ಯಾಕೆ ಇನ್ನೂ ಕೊಟ್ಟಿಲ್ಲ ಎಂದು ಮತ್ತೆ ಗದರಿಸಬೇಕಾಯಿತು.

ಯಾರೋ ಒಬ್ಬರ ಕೆಟ್ಟ ಬುದ್ಧಿಯಿಂದ ಆದ ಅನಾಹುತವಲ್ಲ ಅದು. ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸವನ್ನು ಮಾಡುತ್ತಾ ಹೋದದ್ದರಿಂದ ಆದದ್ದು. ಹೆಲಿಕಾಪ್ಟರ್ ಹೋಗಿ ಎರಡು ದಶಕ ದಾಟಿತು. ಆದರೆ ಆ ಏರ್ಪಾಡು ಎಲ್ಲಿಗೂ ಹೋಗಿಲ್ಲ. ಅದೀಗ ಸಣ್ಣ ಸಣ್ಣ ಪಾಲಾಗಿ ನಮ್ಮೆಲ್ಲರ ಮನೆಗೆ ಬಂದಿದೆ.

ನಮ್ಮ ಗುಡ್ಡೆಗಳನ್ನೇ ನೋಡಿ. ಹಿಂದೆ ಗುಡ್ಡೆಯಲ್ಲಿ ಮುಳಿಹುಲ್ಲು ಬೆಳೆಯುತ್ತಿತ್ತು, ಮಾಡಿಗೆ ಹೊದೆಸಲು ಬೇಕಿತ್ತು. ಕಾಟು ಮರಗಳ ಸೊಪ್ಪು ದನದ ಹಟ್ಟಿಗೆ, ಹಟ್ಟಿಯಿಂದ ಗೊಬ್ಬರ ತೋಟಕ್ಕೆ. ದನ ಅಲ್ಲೇ ಮೇಯುತ್ತಿತ್ತು. ಗುಡ್ಡೆ ಇಲ್ಲದೆ ತೋಟ ಇಲ್ಲ, ಅದಕ್ಕೇ ಗುಡ್ಡೆ ಉಳಿದಿತ್ತು. ಯಾರ ಭಾಷಣದಿಂದಲೂ ಅಲ್ಲ. ಆಮೇಲೆ ಹಂಚು ಬಂತು, ತಾರಸಿ ಬಂತು, ಮುಳಿ ಬೇಡವಾಯಿತು. ಗೊಬ್ಬರ ಗೋಣಿಯಲ್ಲಿ ಬಂತು, ಸೊಪ್ಪು ಬೇಡವಾಯಿತು. ಹಾಲು ಪ್ಯಾಕೆಟಿನಲ್ಲಿ ಬಂತು, ಹಟ್ಟಿ ಖಾಲಿಯಾಯಿತು. ಪ್ರತಿಯೊಂದೂ ಒಳ್ಳೆಯದೇ. ಮಳೆಗಾಲದಲ್ಲಿ ಸೋರುವ ಮುಳಿಮಾಡಿನ ಅಡಿಯಲ್ಲಿ ಪಾತ್ರೆ ಇಟ್ಟುಕೊಂಡು ಮಲಗಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ ಒಟ್ಟಿನಲ್ಲಿ ಆದದ್ದೇನು? ಗುಡ್ಡೆಗೆ ಮಾಡುವ ಕೆಲಸ ಏನೂ ಉಳಿಯಲಿಲ್ಲ.

ಅಷ್ಟರಲ್ಲಿ ಅಡಿಕೆಯ ಧಾರಣೆ ಏರಿತು. 2020ರ ನಂತರ ಚಾಲಿ ಅಡಿಕೆ ಕಿಲೋಗೆ 400 ರೂಪಾಯಿ ದಾಟಿತು. ನಮ್ಮ ಹಿರಿಯರು ಅಡಿಕೆ ನೆಟ್ಟದ್ದು ತೋಡಿನ ಬದಿಯ ತಂಪು ಜಾಗದಲ್ಲಿ. ಈಗ ಎರಡು ಗುಡ್ಡೆಗಳ ನಡುವಿನ ಜಾಗ ಸಾಲದು. ಜೆಸಿಬಿ ಗುಡ್ಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಕೊಡುತ್ತದೆ. ಒಂದು ಗುಡ್ಡೆಗೆ ನಾಲ್ಕೈದು ದಿನದ ಕೆಲಸ. ಮಾರ್ಚಿನಲ್ಲಿ ಕಡಿಸಿದರೆ ಜೂನಿನ ಮೊದಲ ದೊಡ್ಡ ಮಳೆಗೆ ತೋಡಿನಲ್ಲಿ ಕೆಂಪು ನೀರು. ತೋಡಿನ ಗುಂಡಿಗಳಲ್ಲಿ ಮಣ್ಣು ಕೂರುತ್ತದೆ, ಕಲ್ಲಿನ ಸಂದಿಯ ಮೀನು, ಏಡಿ ಎಲ್ಲ ಆ ಮಣ್ಣಿನ ಅಡಿಗೆ. ಮೇಲಿನವನು ಕಡಿಸಿದ ಮಣ್ಣು ಕೆಳಗಿನವನ ತೋಟಕ್ಕೆ ನುಗ್ಗಿದರೆ ಜಗಳ, ಪಂಚಾತಿಕೆ, ಕೆಲವೊಮ್ಮೆ ಪೊಲೀಸ್ ಸ್ಟೇಶನ್.

ಹಾಗಂತ ಕಡಿಸಿದವನನ್ನು ದುರಾಸೆಯವನು ಅಂತ ಬೈಯಲು ನನಗೆ ಮನಸ್ಸಿಲ್ಲ. ಅವನಿಗೆ ಎರಡೆಕರೆ ಗುಡ್ಡೆ ಇದೆ. ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಹಳೆಯ ತೋಟದಲ್ಲಿ ಹಳದಿ ರೋಗ, ಸಾಲದ್ದಕ್ಕೆ ಎಲೆಚುಕ್ಕಿ. ಗುಡ್ಡೆಯನ್ನು ಹಾಗೆಯೇ ಬಿಟ್ಟರೆ ಅವನಿಗೆ ಒಂದು ರೂಪಾಯಿಯೂ ಇಲ್ಲ. ತೀರ್ವೆ (ಭೂಕಂದಾಯ) ಮಾತ್ರ ಕಟ್ಟಬೇಕು. ಅಡಿಕೆ ನೆಟ್ಟರೆ ಐದಾರು ವರ್ಷಕ್ಕೆ ಫಸಲು. ಕೆಂಪುಕಲ್ಲಿನ ಕೋರೆಗೆ ಕೊಟ್ಟರೆ ಮುಂದಿನ ತಿಂಗಳೇ ದುಡ್ಡು. ಐದೈದು ಸೆಂಟ್ಸಿನ ಸೈಟು ಮಾಡಿ ಮಾರಿದರೆ ಇನ್ನೂ ಜಾಸ್ತಿ. ನೀವು ಅವನ ಜಾಗದಲ್ಲಿ ಇದ್ದರೆ ಏನು ಮಾಡುತ್ತಿದ್ದಿರಿ?

ಗುಡ್ಡೆಗೆ ಅಡಿಕೆ ಹೋಯಿತೆಂದರೆ ನೀರೂ ಗುಡ್ಡೆಗೆ ಹೋಗಬೇಕು. ಇಲ್ಲಿ ಸುರಂಗದ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ತಾಳ್ಮೆ ಇರಲಿ. ಹೊರಗಿನಿಂದ ಬಂದ ಅಧಿಕಾರಿಗಳು ಸುರಂಗವನ್ನು ನೋಡಿ ಫೋಟೋ ತೆಗೆಸಿಕೊಳ್ಳುತ್ತಾರೆ, ಅದು ಹೇಗೆ ಕೆಲಸ ಮಾಡುತ್ತದೆ ಅಂತ ಕೇಳುವವರು ಕಡಿಮೆ.

ಸುರಂಗ ಎಂದರೆ ಅಡ್ಡಕ್ಕೆ ತೋಡಿದ ಬಾವಿ. ಗುಡ್ಡೆಯ ಮೈಗೆ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲ, ಎತ್ತರ. ಮುಂದೆ ಒಬ್ಬ ಗಿಡ್ಡ ಹಿಡಿಯ ಹಾರೆಯಲ್ಲಿ ಕಡಿಯುತ್ತಾನೆ, ಹಿಂದೆ ಇನ್ನೊಬ್ಬ ಮಣ್ಣನ್ನು ಹೊರಗೆ ಎಳೆಯುತ್ತಾನೆ. ಒಳಗೆ ಮೇಣದ ಬತ್ತಿ ಹಚ್ಚಿಡುತ್ತಾರೆ. ಬತ್ತಿ ನಂದಿದರೆ ಗಾಳಿ ಸಾಲದು, ಕೂಡಲೇ ಹೊರಗೆ ಬರಬೇಕು. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ. ಎಲ್ಲಿ ಕಡಿಯಬೇಕು ಅಂತ ಹೇಳುವುದು ಗುಡ್ಡೆಯ ಮೇಲಿನ ಮರಗಳನ್ನು, ಹುತ್ತವನ್ನು, ಮಣ್ಣಿನ ತೇವವನ್ನು ನೋಡಿ. ಕೆಂಪುಕಲ್ಲು ದಾಟಿ ಅದರ ಅಡಿಯ ಜೇಡಿಮಣ್ಣು ಸಿಗುವಲ್ಲಿ ನೀರು ಒಸರುತ್ತದೆ. ಮಳೆಗಾಲದಲ್ಲಿ ಗುಡ್ಡೆ ಕುಡಿದ ನೀರು ಜೇಡಿಯ ಕೆಳಗೆ ಇಳಿಯಲಾರದೆ ಅಲ್ಲಿ ನಿಂತಿರುತ್ತದೆ. ಸುರಂಗ ಆ ನೀರಿಗೆ ದಾರಿ ಮಾಡುತ್ತದೆ. ಅದು ತನ್ನ ಪಾಡಿಗೆ ಹರಿದು ಬಂದು ಕೆರೆಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ, ಬಿಲ್ಲೂ ಬೇಡ. ಗುಡ್ಡೆ ಕೊಟ್ಟಷ್ಟು ನೀರು ಬರುತ್ತದೆ. ಅದಕ್ಕಿಂತ ಹೆಚ್ಚು ಬೇಕೆಂದರೂ ಎಳೆಯಲು ಆಗುವುದಿಲ್ಲ. ಸುರಂಗದ ಗುಣವೂ ಅದೇ, ಸೋಲೂ ಅದೇ.

ಕೊಳವೆ ಬಾವಿ ಹಾಗಲ್ಲ. ತಮಿಳುನಾಡಿನ ತಿರುಚೆಂಗೋಡಿನಿಂದ ಲಾರಿ ಬರುತ್ತದೆ. ರಾತ್ರಿಯಿಡೀ ಊರಿಗೇ ಕೇಳುವ ಸದ್ದು. ಬೆಳಗ್ಗೆ ನೋಡಿದರೆ ಅಂಗಳ, ಬಾಳೆಗಿಡ, ಹಟ್ಟಿಯ ಮಾಡು ಎಲ್ಲದರ ಮೇಲೂ ಬೂದಿ ಬಣ್ಣದ ಹುಡಿ. ಐನೂರು ಅಡಿ, ಆರುನೂರು ಅಡಿ ಕೆಳಗೆ ಬಂಡೆಯ ಬಿರುಕಿನಲ್ಲಿ ಇರುವ ನೀರಿಗೆ ಅದು ಕೈ ಹಾಕುತ್ತದೆ. ಹೋಗುವ ದಾರಿಯಲ್ಲಿ ಆ ಜೇಡಿಮಣ್ಣಿನ ಪದರಕ್ಕೂ ತೂತು. ಕೇಸಿಂಗ್ ಸರಿಯಾಗಿ ಕೂರದಿದ್ದರೆ ಮೇಲಿನ ನೀರು ಆ ತೂತಿನ ಬದಿಯಿಂದಲೇ ಕೆಳಗಿಳಿಯುತ್ತದೆ. ಹತ್ತಿರದ ಸುರಂಗ ಮೊದಲು ಮೇ ತಿಂಗಳವರೆಗೆ ಬರುತ್ತಿದ್ದದ್ದು ಫೆಬ್ರವರಿಗೆ ನಿಲ್ಲುತ್ತದೆ.

ನನ್ನ ನೆರೆಯವರೊಬ್ಬರ ಸುರಂಗ ಹೀಗೆಯೇ ನಿಂತಿತು. ಅವರ ಅಜ್ಜ ಕಡಿಸಿದ ಸುರಂಗ. ಮೇಲಿನ ಬೈಲಿನಲ್ಲಿ ಎರಡು ಕೊಳವೆ ಬಾವಿ ಬಿದ್ದ ಮೇಲೆ ಒಂದೇ ಬೇಸಿಗೆಯಲ್ಲಿ ನೀರು ನೂಲಿನಷ್ಟು ತೆಳುವಾಯಿತು. ಅಡಿಕೆಯ ಸೋಗೆ ಬಾಡಿ ಕೆಳಗೆ ಇಳಿಬಿತ್ತು. ಆಗ ಅವರಿಗೆ ಯಾವ ದಾರಿ ಇತ್ತು? ಮೇಲಿನವರ ಮೇಲೆ ಕೇಸು ಹಾಕುವುದೇ? ಭೂಮಿಯ ಒಳಗೆ ಯಾರ ನೀರು ಯಾರಿಗೆ ಹೋಯಿತು ಅಂತ ಯಾವ ವಕೀಲರು ತೋರಿಸುತ್ತಾರೆ? ನೀರಿಲ್ಲದೆ ಒಂದು ಬೇಸಿಗೆ ಕಳೆದರೆ ಹತ್ತು ವರ್ಷ ಸಾಕಿದ ಮರ ಹೋಯಿತು. ಅವರೂ ಲಾರಿಯವರಿಗೆ ಫೋನ್ ಮಾಡಿದರು. ಸಾಲ ಸೊಸೈಟಿಯಿಂದ. ಅವರ ಬಾವಿಯಿಂದ ಮತ್ತೆ ಯಾರ ಸುರಂಗಕ್ಕೆ ಏನಾಯಿತೋ. ಸುರಂಗದ ಬಾಯಿಗೆ ಈಗ ಕಾಟುಬಳ್ಳಿ ಹಬ್ಬಿದೆ. ನೀರಿನ ಬಗ್ಗೆ ನಮ್ಮಲ್ಲಿ ಅತಿ ಹೆಚ್ಚು ತಿಳಿದವರು ಯಾರು ಅಂತ ಕೇಳಿದರೆ ನಾನು ಈಗಲೂ ಅವರ ಹೆಸರನ್ನೇ ಹೇಳುತ್ತೇನೆ. ಅವರನ್ನು ಕೂರಿಸಿ ಜಾಗೃತಿ ಮೂಡಿಸಲು ನಿಮ್ಮಲ್ಲಿ ಏನಿದೆ?

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಹನ್ನೆರಡು ಹೊಳೆಗಳು. ಆದರೂ ಮಾರ್ಚ್ ಬಂದರೆ ಟ್ಯಾಂಕರ್ ಲಾರಿ ಹುಡುಕಬೇಕು. ಹೊಳೆಗಳೆಲ್ಲ ಗಿಡ್ಡ, ಘಟ್ಟದ ಬುಡದಿಂದ ಹೊರಟು ಬೇಗ ಕಡಲಿಗೆ ಸೇರುತ್ತವೆ. ನೀರನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಆ ಗುಡ್ಡೆಗಳೇ.

ಇನ್ನೊಂದು ಉಪಾಯವೂ ನಮ್ಮಲ್ಲಿ ಇತ್ತು, ಕಟ್ಟ. ಮಳೆ ನಿಂತು ತೋಡಿನ ನೀರು ಇಳಿಯುವ ಹೊತ್ತಿಗೆ, ನವೆಂಬರ್, ಡಿಸೆಂಬರ್‌ನಲ್ಲಿ, ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ, ಸೊಪ್ಪು ಹಾಕಿ ಅಡ್ಡ ಕಟ್ಟುವುದು. ಒಂದರ ನೀರು ಮೇಲಿನ ಕಟ್ಟದ ಬುಡದವರೆಗೆ ನಿಲ್ಲುವ ಹಾಗೆ ಸಾಲಾಗಿ ಕಟ್ಟುತ್ತಿದ್ದರು. ಬದಿಯ ಬಾವಿಗಳಲ್ಲಿ ನೀರು ಏರುತ್ತಿತ್ತು. ಮಳೆಗಾಲದ ಮೊದಲು ಬಿಚ್ಚುವುದು. ಏತಡ್ಕದ ಕಡೆ ಇದನ್ನು ಹಠ ಹಿಡಿದು ಉಳಿಸಿಕೊಂಡವರಿದ್ದಾರೆ. ಹೆಚ್ಚಿನ ಕಡೆ ನಿಂತುಹೋಯಿತು. ಕಾರಣ ಸೋಮಾರಿತನ ಅಲ್ಲ. ಕೊಳವೆ ಬಾವಿ ಇದ್ದವನಿಗೆ ಕಟ್ಟ ಬೇಡ, ಅವನು ಕಟ್ಟದ ಖರ್ಚಿಗೆ ಯಾಕೆ ಪಾಲು ಕೊಡುತ್ತಾನೆ? ನಾಲ್ವರು ಹಿಂದೆ ಸರಿದರೆ ಉಳಿದವರ ಪಾಲು ಜಾಸ್ತಿಯಾಗುತ್ತದೆ. ಆಗ ಐದನೆಯವನೂ ಕೊಳವೆ ಬಾವಿಯ ಲೆಕ್ಕ ಹಾಕುತ್ತಾನೆ. ಕೂಲಿಯ ದುಡ್ಡಿಗೆ ತೊಳಿಲುರಪ್ಪು (ಉದ್ಯೋಗ ಖಾತರಿ) ಯೋಜನೆಯವರನ್ನು ಕೇಳಿದರೆ ಅವರಿಗೆ ಬೇಕಾದದ್ದು ಬಾಳಿಕೆ ಬರುವ ಆಸ್ತಿ. ಪ್ರತಿ ಮಳೆಗಾಲಕ್ಕೂ ಕೊಚ್ಚಿ ಹೋಗುವುದೇ ಕಟ್ಟದ ಗುಣ. ಕಾಂಕ್ರೀಟಿನ ಕಿಂಡಿ ಅಣೆಕಟ್ಟಿಗಾದರೆ ದುಡ್ಡು ಇದೆ, ಹಲಗೆ ಹಾಕುವವರು ಇಲ್ಲ. ಡಾಮರು ರಸ್ತೆಯೂ ಪ್ರತಿ ಮಳೆಗಾಲಕ್ಕೂ ಕೊಚ್ಚಿ ಹೋಗುತ್ತದಲ್ವಾ? ಅದರ ಹೊಂಡ ಮುಚ್ಚಲು ಪ್ರತಿ ವರ್ಷ ಹಣ ಎಲ್ಲಿಂದ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ.

ಕಳೆನಾಶಕದ ವಿಷಯ ಬೇಗ ಮುಗಿಸುತ್ತೇನೆ. 2019ರಲ್ಲಿ ಕೇರಳ ಸರಕಾರ ಗ್ಲೈಫೋಸೇಟನ್ನು ನಿಷೇಧಿಸಿತು. ಒಳ್ಳೆಯ ಕೆಲಸ. ಆದರೆ ಪೆರ್ಲದಿಂದ ಸಾರಡ್ಕ ದಾಟಿದರೆ ಕರ್ನಾಟಕ. ಸಂತೆಗೆ, ಮದುವೆಗೆ, ದೇವಸ್ಥಾನಕ್ಕೆ ಆ ಕಡೆ ಹೋಗುವ ಜನ ನಾವು. ಸ್ಕೂಟರಿನ ಮುಂದೆ ಒಂದು ಕ್ಯಾನ್ ಇಟ್ಟುಕೊಂಡು ಬರಲು ಎಷ್ಟು ಹೊತ್ತು ಬೇಕು? ಹುಲ್ಲು ಹೆರೆಯಲು ಆಳು ಸಿಕ್ಕಿದರೆ ಪುಣ್ಯ, ಸಿಕ್ಕಿದರೂ ಕೂಲಿ ಕೊಟ್ಟು ಪೂರೈಸಬೇಕು. ಕ್ಯಾನಿನ ಬೆಲೆ ಅದರ ಮುಂದೆ ಏನೂ ಅಲ್ಲ. ಎಂಡೋಸಲ್ಫಾನ್ ಬಾಧಿತರ ಮನೆಗಳಿರುವ ಊರಿನಲ್ಲೇ ಹೀಗಾಗುತ್ತದೆ ಎಂದರೆ ಹೊರಗಿನವರಿಗೆ ಆಶ್ಚರ್ಯ ಆಗಬಹುದು. ನಮಗೆ ಆಗುವುದಿಲ್ಲ. ನಿಷೇಧ ಬಂದದ್ದು ಬಾಟ್ಲಿಗೆ. ಹುಲ್ಲು ಹೆರೆಯುವ ಕೂಲಿಯ ಸಮಸ್ಯೆ ಇದ್ದಲ್ಲೇ ಇದೆ.

ಇನ್ನು ರಸ್ತೆ. ಹೆದ್ದಾರಿ 66ನ್ನು ಆರು ಪಥ ಮಾಡಲು ನಮ್ಮ ಜಿಲ್ಲೆಯ ಎಷ್ಟು ಗುಡ್ಡೆಗಳ ಮಣ್ಣು ಹೋಗಿದೆ ಅಂತ ನಿಮ್ಮ ಕಚೇರಿಗೇ ಚೆನ್ನಾಗಿ ಗೊತ್ತು. 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ಹೆದ್ದಾರಿಯ ಮೇಲೆಯೇ ಜಾರಿ ಬಿತ್ತು. ಆಗ ಟೀವಿಯಲ್ಲಿ ಎಲ್ಲರೂ ಪ್ರಕೃತಿಯ ಬಗ್ಗೆ ಮಾತಾಡಿದರು. ಮರುವಾರ ಅದೇ ಜನ ತಲಪಾಡಿಗೆ ಎಷ್ಟು ಬೇಗ ತಲುಪಿದೆವು ಅಂತ ಖುಷಿಪಟ್ಟರು. ಅದರಲ್ಲಿ ಆಷಾಢಭೂತಿತನ ಏನೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ತಲೆಗೆ ಪೆಟ್ಟು ಬಿದ್ದರೆ, ಎದೆ ಹಿಡಿದುಕೊಂಡರೆ, ಹೆರಿಗೆ ಕಷ್ಟವಾದರೆ ಮಂಗಳೂರಿಗೇ ಓಡಬೇಕು. 2020ರ ಮಾರ್ಚಿನಲ್ಲಿ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆಂಬುಲೆನ್ಸ್ ದಾಟಲಾರದೆ ಹಲವರು ತೀರಿಕೊಂಡರು. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಬಿದ್ದದ್ದು 2013ರಲ್ಲಿ. ಆ ಕಲ್ಲು ಬಿದ್ದ ವರ್ಷ ಹುಟ್ಟಿದ ಮಕ್ಕಳು ಹೈಸ್ಕೂಲಿಗೆ ಬಂದರು, ಗಟ್ಟಿ ಕಾಯಿಲೆಗೆ ಈಗಲೂ ಮಂಗಳೂರೇ ಗತಿ.

ಇದನ್ನು ಪರಿಸರದ ಪತ್ರದಲ್ಲಿ ಯಾಕೆ ಬರೆದೆ ಅಂತ ಕೇಳಬಹುದು. ಹತ್ತಿರದಲ್ಲಿ ಆಸ್ಪತ್ರೆ ಇಲ್ಲದವನಿಗೆ ಮನೆ ಬಾಗಿಲಲ್ಲಿ ಒಂದು ಕಾರು ಬೇಕೇ ಬೇಕು. ರಾತ್ರಿ ಎಂಟರ ನಂತರ ಬಸ್ಸಿಲ್ಲದ ಊರಿನಲ್ಲಿ ಅದು ಶೋಕಿಯ ಮಾತೂ ಅಲ್ಲ. ಕಾರು ಬಂದ ಮೇಲೆ ಅದು ಮನೆವರೆಗೆ ಬರಲು ಗುಡ್ಡೆಯ ಬದಿ ಕಡಿಯಬೇಕು. ಎಲ್ಲರಿಗೂ ಕಾರು ಬಂದ ಮೇಲೆ ಬಸ್ಸಿಗೆ ಜನ ಕಡಿಮೆ, ಇದ್ದ ಟ್ರಿಪ್ಪೂ ನಿಲ್ಲುತ್ತದೆ. ಆಮೇಲೆ ಉಳಿದವನೂ ಕಾರು ತೆಗೆಯುತ್ತಾನೆ. ಕೊಳವೆ ಬಾವಿಯ ಕಥೆಯೂ ಇದೇ ಅಲ್ವಾ? ಹಂಚಿಕೊಂಡು ಬಳಸುವ ಒಂದೊಂದು ಸೌಕರ್ಯ ಬಿದ್ದಾಗಲೂ, ಮನೆಮನೆಯವರು ತಮ್ಮದೇ ಒಂದನ್ನು ಮಾಡಿಕೊಳ್ಳಬೇಕಾಗುತ್ತದೆ. ಸ್ವಂತಕ್ಕೆ ಮಾಡಿಕೊಂಡದ್ದೆಲ್ಲ ಗುಡ್ಡೆಯ ಲೆಕ್ಕದಿಂದ ಕಳೆಯುತ್ತದೆ.

ನಮ್ಮಲ್ಲಿ ಕೆಲವರು ಇದಕ್ಕೆಲ್ಲ ಹಳೆಯ ಕಾಲಕ್ಕೆ ಹಿಂದಿರುಗುವುದೇ ಪರಿಹಾರ ಅನ್ನುತ್ತಾರೆ. ನಾನು ಆ ಪೈಕಿ ಅಲ್ಲ. ಆ ಕಾಲದಲ್ಲಿ ಗುಡ್ಡೆಯ ಕೆಳಗಿನಿಂದ ಮೇಲಿನ ಮನೆಗೆ ಕೊಡಪಾನದಲ್ಲಿ ನೀರು ಹೊತ್ತವರು ಹೆಂಗಸರು. ಸುರಂಗ ಕಡಿಯುವಾಗ ಒಳಗೆ ಮಣ್ಣು ಕುಸಿದರೆ ಪ್ರಾಣಕ್ಕೇ ಅಪಾಯ, ಆ ಅಪಾಯ ಕೂಲಿಗೆ ಹೋದ ಬಡವನದ್ದು. ಅದು ಮರಳಿ ಬರುವುದೂ ಬೇಡ, ಬರುವುದೂ ಇಲ್ಲ. ನಾವು ಕೇಳುವುದು ಇಷ್ಟೇ. ಒಳ್ಳೆಯದನ್ನು ಮಾಡಿದವನು ಕೈಯಿಂದ ಕಳೆದುಕೊಳ್ಳುವ ಹಾಗೆ ಇರಬಾರದು.

ಇದು ಆಗದ ಮಾತೇನೂ ಅಲ್ಲ. ನಮ್ಮದೇ ಸರಕಾರ ಒಂದು ದಾರಿ ತೋರಿಸಿದೆ. 2008ರ ಕಾಯ್ದೆಯಲ್ಲಿ ಗದ್ದೆ ತುಂಬಿಸುವುದನ್ನು ತಡೆದರು. ತಡೆ ಒಂದರಿಂದಲೇ ಕೆಲಸ ಆಗುವುದಿಲ್ಲ ಅಂತ ತಿಳಿದು, 2020ರಿಂದ ಗದ್ದೆಯನ್ನು ಗದ್ದೆಯಾಗಿ ಉಳಿಸಿದ ಮಾಲಿಕರಿಗೆ ವರ್ಷಕ್ಕೆ ಹೆಕ್ಟೇರಿಗೆ 2,000 ರೂಪಾಯಿ ರಾಯಲ್ಟಿ ಕೊಡಲು ಶುರು ಮಾಡಿದರು. ಗದ್ದೆ ನೀರು ಇಂಗಿಸುತ್ತದೆ, ಅದು ಊರಿಗೇ ಉಪಕಾರ, ಆ ಉಪಕಾರಕ್ಕೆ ಊರು ಕೊಡುವ ಬಾಬ್ತು ಅಂತ. ಮೊತ್ತ ಸಣ್ಣದು, ಎರಡು ಆಳಿನ ಕೂಲಿಗೆ ಸರಿ. ಆದರೆ ಲೆಕ್ಕ ಬರೆಯುವ ಕ್ರಮ ಸರಿ ಇದೆ. ಅದೇ ಕ್ರಮದಲ್ಲಿ ಗುಡ್ಡೆಗೂ ಬರೆಯಿರಿ. ನಮ್ಮಲ್ಲಿ ನೀರು ಇಂಗುವುದು ಗದ್ದೆಗಿಂತ ಹೆಚ್ಚು ಗುಡ್ಡೆಯಲ್ಲಿ. ಕಡಿಯದೆ ಬಿಟ್ಟ ಗುಡ್ಡೆಗೆ ಕನಿಷ್ಠ ತೀರ್ವೆ ಮಾಫಿ ಆಗಲಿ. ಕೋರೆಯಿಂದ, ಮಣ್ಣಿನ ಲಾರಿಯಿಂದ ಬರುವ ರಾಯಲ್ಟಿಯಲ್ಲಿ ಒಂದು ಪಾಲು ಅದೇ ವಾರ್ಡಿನಲ್ಲಿ ಗುಡ್ಡೆ ಉಳಿಸಿದವರಿಗೆ ಸಿಗಲಿ. ಆಗ ಆ ಎರಡೆಕರೆಯವನಿಗೆ ಮನೆಯಲ್ಲಿ ಹೆಂಡತಿಯ ಮುಂದೆ, ಬ್ಯಾಂಕಿನಲ್ಲಿ ಮ್ಯಾನೇಜರರ ಮುಂದೆ ಹೇಳಲು ಒಂದು ಮಾತಾದರೂ ಇರುತ್ತದೆ.

ಕಟ್ಟಕ್ಕೆ ಪ್ರತಿ ವರ್ಷದ ಹಣ ಇಡಿ, ರಸ್ತೆಯ ಹೊಂಡಕ್ಕೆ ಇಟ್ಟ ಹಾಗೆ. ಅದು ಅಕ್ಟೋಬರಿನಲ್ಲಿ ಪಂಚಾಯತಿಗೆ ತಲುಪಬೇಕು. ಮಾರ್ಚಿನಲ್ಲಿ ಬಂದರೆ ಕಟ್ಟಲು ತೋಡಿನಲ್ಲಿ ನೀರೇ ಇರುವುದಿಲ್ಲ, ಬಿಲ್ಲು ಮಾತ್ರ ಇರುತ್ತದೆ. ಸುರಂಗಗಳ ಒಂದು ಪಟ್ಟಿ ಮಾಡಿಸಿ. ಶಾಲೆಯ ಮಕ್ಕಳೇ ಒಂದು ರಜೆಯಲ್ಲಿ ಮಾಡಿ ಕೊಡುತ್ತಾರೆ, ಗಿಡ ಹಿಡಿದು ನಿಲ್ಲುವುದಕ್ಕಿಂತ ಅವರಿಗೂ ಖುಷಿ. ಯಾವುದರಲ್ಲಿ ಈಗಲೂ ನೀರಿದೆ, ಯಾವ ತಿಂಗಳವರೆಗೆ ಇದೆ ಅಂತ ಅದರಲ್ಲಿ ಬರೆದಿರಲಿ. ಅಂತರ್ಜಲದ ಕಾಯ್ದೆ ನಮ್ಮಲ್ಲಿ 2002ರಿಂದಲೇ ಇದೆ. ಕೊಳವೆ ಬಾವಿಯ ಅರ್ಜಿ ಬಂದಾಗ ಆ ಪಟ್ಟಿಯನ್ನು ತೆರೆದು ನೋಡುವ ಕ್ರಮ ಮಾಡಿ. ಲಾರಿ ಬಂದ ಮೇಲೆ ತಡೆಯುವುದು ಕಷ್ಟ, ನಾವು ನೆರೆಕರೆಯವರು ಮುಖ ಮುಖ ನೋಡಿ ಬದುಕಬೇಕಾದವರು. ಇಲ್ಲ ಎನ್ನುವ ಕೆಲಸವನ್ನು ನಮ್ಮ ತಲೆಗೆ ಕಟ್ಟಬೇಡಿ. ಅದಕ್ಕೇ ಅಲ್ವಾ ಕಚೇರಿ ಇರುವುದು?

ಹುಲ್ಲು ಹೆರೆಯುವ ಯಂತ್ರವನ್ನು ಕೃಷಿಭವನಗಳಲ್ಲಿ ದಿನಬಾಡಿಗೆಗೆ ಇಡಿ, ಓಡಿಸುವ ಆಳಿನ ಸಮೇತ. ಕ್ಯಾನಿನ ಬೆಲೆಗಿಂತ ಆ ಬಾಡಿಗೆ ಕಡಿಮೆ ಇರಲಿ. ಚೆಕ್‌ಪೋಸ್ಟಿನಲ್ಲಿ ಸ್ಕೂಟರ್ ತಪಾಸಣೆ ಮಾಡುವುದಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ. ಉಕ್ಕಿನಡ್ಕದ ಆಸ್ಪತ್ರೆಗೆ ನರರೋಗದ, ಹೃದಯದ ವೈದ್ಯರನ್ನು ಕಳುಹಿಸುವಂತೆ ತಿರುವನಂತಪುರಕ್ಕೆ ಬರೆಯುವಾಗ, ಇದೂ ಗುಡ್ಡೆ ಉಳಿಸುವ ಕೆಲಸವೇ ಅಂತ ಒಂದು ಸಾಲು ಸೇರಿಸಿ. ಓದಿದವರು ನಗಬಹುದು. ನಕ್ಕರೂ ಸೇರಿಸಿ.

ಇದರಲ್ಲಿ ಕೆಲವು ನಿಮ್ಮ ಕೈಯಲ್ಲಿ ಇಲ್ಲ ಅಂತ ನನಗೆ ಗೊತ್ತು. ಕಟ್ಟ ಮತ್ತು ಸುರಂಗದ ಪಟ್ಟಿ ನಿಮ್ಮ ಕೈಯಲ್ಲೇ ಇವೆ, ಅಲ್ಲಿಂದ ಶುರು ಮಾಡಬಹುದು. ಈ ವರ್ಷ ಡಿಸೆಂಬರಿನ ಮೊದಲ ವಾರ ನಮ್ಮ ತೋಡಿಗೆ ಕಟ್ಟ ಕಟ್ಟುವ ಮಾತುಕತೆ ನಡೆಯುತ್ತಿದೆ. ಪಾಲು ಕೊಡಲು ಏಳು ಮನೆಯವರು ಒಪ್ಪಿದ್ದಾರೆ, ಮೂವರು ಇನ್ನೂ ‘ನೋಡುವ’ ಅನ್ನುತ್ತಿದ್ದಾರೆ. ನೀವು ಬನ್ನಿ. ಉದ್ಘಾಟನೆಗೆ ಬೇಡ, ಪೆಂಡಾಲ್ ಇರುವುದಿಲ್ಲ. ಎಸ್ಟಿಮೇಟ್ ಬರೆಯುವ ಎಂಜಿನಿಯರರನ್ನು ಕರೆದುಕೊಂಡು ಬನ್ನಿ, ಅವರು ನೋಡಬೇಕಾದದ್ದು ಬಹಳ ಇದೆ. ಮಧ್ಯಾಹ್ನಕ್ಕೆ ಗಂಜಿ, ಹಲಸಿನ ಬೀಜದ ಪಲ್ಯ ಇರುತ್ತದೆ.

ಪತ್ರ ಕನ್ನಡದಲ್ಲಿದೆ. ಈ ಜಿಲ್ಲೆಯಲ್ಲಿ ಕನ್ನಡದಲ್ಲಿ ಬರೆಯಲು, ಕನ್ನಡದಲ್ಲಿ ಉತ್ತರ ಪಡೆಯಲು ನಮಗೆ ಹಕ್ಕಿದೆ. ಆದರೆ ಅನುವಾದ ಮಾಡಿಸುವ ನೆಪದಲ್ಲಿ ಉತ್ತರ ಮುಂದಿನ ಜೂನಿಗೆ ಹೋಗುವುದಾದರೆ ಮಲಯಾಳದಲ್ಲೇ ಕಳುಹಿಸಿ. ಓದಿಕೊಳ್ಳುತ್ತೇವೆ.

ಇಂತಿ,
ಎಣ್ಮಕಜೆ ಪಂಚಾಯತಿನ ಒಬ್ಬ ಅಡಿಕೆ ಕೃಷಿಕ